ಪಾಷಾ ಸಾಬರ ಪೋಷಕಗಿರಿ

ಅಹ್ಮದ್ ಪಾಷಾ ಸಾಬರ ಬಾಯಲ್ಲಿ ‘ಇಲ್ಲ’ ಎನ್ನುವ ಮಾತು ಹುಟ್ಟಿದ್ದೇ ಇಲ್ಲ. ಸಿಟಿ ಬಸ್ಸಿನ ಕಂಡಕ್ಟರಾಗಿದ್ದಾಗ, ಬಾಗಿಲಲ್ಲಿ ಜನ ಜೋತಾಡುತ್ತಿದ್ದರೂ ಶಿವಾಜಿನಗರದಲ್ಲಿ ಕೈಯೊಡ್ಡಿದವರನ್ನು ಬಿಟ್ಟು ಹೋದವರಲ್ಲ. ನಿವೃತ್ತಿಯಾದ ಮೇಲೆ ಆ ಚಟ ಇನ್ನೂ ಹೆಚ್ಚಾಯಿತು.

ಪುಲಿಕೇಶಿನಗರದಲ್ಲಿ ಒಂದು ಟ್ರಸ್ಟಿದೆ. ಅಪ್ಪ ಅಮ್ಮ ಇಲ್ಲದ ಮಕ್ಕಳನ್ನು ಕಾಲೇಜು ಓದಿಸುತ್ತದೆ, ಶನಿವಾರ ಶನಿವಾರ ನಾಯಕತ್ವದ ತರಬೇತಿಯನ್ನೂ ಕೊಡುತ್ತದೆ. ಆದರೆ ವರ್ಷಕ್ಕೊಮ್ಮೆ ಪೋಷಕರೊಬ್ಬರು ಬಂದು ‘ಈ ಮಗುವಿಗೆ ನಾನಿದ್ದೇನೆ’ ಎಂದು ಎಲ್ಲರೆದುರು ಹೇಳಬೇಕು, ಇಲ್ಲದಿದ್ದರೆ ಸ್ಕಾಲರ್‌ಶಿಪ್ ನಿಂತಂತೆ. ಯಾರೂ ಇಲ್ಲದವರಿಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರೆ ಎಲ್ಲಿಂದ ತರುತ್ತಾರೆ? ಇಂಥ ನಿಯಮ ಮಾಡುವವರ ಬುದ್ಧಿಗೆ ಏನೆನ್ನಬೇಕೋ.

ಅವರ ಬಸ್ಸಿನಲ್ಲೇ ಓಡಾಡಿ ಬೆಳೆದ, ಈಗ ನರ್ಸಿಂಗ್ ಓದುವ ನಿಖಿತಾ ಬಂದು ಪೋಷಕರಾಗ್ತೀರಾ ಎಂದು ಕೇಳಿದಳು, ಸಾಬರು ಹೂಂ ಅಂದರು. ಮಾರನೆಯ ವರ್ಷ ಇಂಜಿನಿಯರಿಂಗಿನ ಕೇದಾರ್, ಅವನಿಗೂ ಹೂಂ. ಆಮೇಲೆ ಬಿ.ಕಾಂ. ಸೇರಿದ ಇಕ್ರಾ. ಒಬ್ಬರಿಗೆ ಒಂದೇ ಮಗು ಎಂಬ ನಿಯಮವೂ ಇದ್ದುದರಿಂದ ಕೇದಾರನಿಗೆ ಅವರು ‘ಅಪ್ಪಣ್ಣ’, ಇಕ್ರಾಗೆ ‘ಬಷೀರ್’. ಬೇರೆ ಬೇರೆ ದಿನ ಕರೆಯುತ್ತಿದ್ದಾಗ ಹೇಗೋ ನಡೆಯಿತು. ಈ ಸಲ ಟ್ರಸ್ಟು ಎಲ್ಲರನ್ನೂ ಒಂದೇ ಭಾನುವಾರ ಕರೆದುಬಿಟ್ಟಿತು.

“ಎರಡು ದೋಣಿ ಮೇಲೆ ಕಾಲಿಟ್ಟವ್ರೇ ಮುಳುಗ್ತಾರೆ, ನಿಮ್ಗೆ ಮೂರು ಬೇಕಾ?” ಎಂದು ಹೆಂಡತಿ ಗುಲ್ಷನ್ ಹಣೆ ಚಚ್ಚಿಕೊಂಡರು.

ಸಾಬರು ಬಿಳಿ ಟೋಪಿ ಹಾಕಿಕೊಂಡು ಹೋಗಿ ನಿಖಿತಾಳ ಪರ ಮಾತಾಡಿದರು. ಹಿಂದಿನ ಬಾಗಿಲಿಂದ ಹೊರಬಿದ್ದು, ತಲೆಗೆ ಮಫ್ಲರ್ ಸುತ್ತಿ, ಕೇದಾರನ ಅಪ್ಪಣ್ಣನಾಗಿ ಬಂದರು. ಮೂರನೆಯ ಸಲ ಕಪ್ಪು ಕನ್ನಡಕ. ವೇಷವೇನೋ ಬದಲಾಯಿತು, ಹಾಳು ನಾಲಿಗೆ ಬದಲಾಗಬೇಕಲ್ಲ! ಸಭಾಂಗಣದ ಬಾಗಿಲಲ್ಲಿ ಜನ ಗುಂಪುಗಟ್ಟಿದ್ದರು. ಮೂರು ಸಲವೂ ಸಾಬರು ತಮಗೇ ಗೊತ್ತಿಲ್ಲದೆ ಕೂಗಿದ್ದರು: “ಬಾಗ್ಲಲ್ಲಿ ನಿಲ್ಬೇಡಿ, ಮುಂದೆ ಹೋಗಿ, ಒಳಗೆ ಖಾಲಿ ಇದೆ.”

“ರೀ, ಕನ್ನಡಕ ತೆಗೀರಿ,” ಎಂದರು ಟ್ರಸ್ಟಿನ ಮುಖ್ಯಸ್ಥೆ ಜಯದೇವಿ.

ತೆಗೆದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜಯದೇವಿ ನಗಲಿಲ್ಲ. “ಒಬ್ರಿಗೆ ಒಂದೇ ಮಗು. ಯಾರು ಅಂತ ಹೇಳಿ. ಉಳಿದಿಬ್ರಿಗೆ ಈ ವರ್ಷದಿಂದ ಸ್ಕಾಲರ್‌ಶಿಪ್ ಇಲ್ಲ.”

ಸಾಬರು ಮೂವರ ಮುಖವನ್ನೂ ನೋಡಿದರು. ಅವಮಾನ ಹಾಗಿರಲಿ, ತನ್ನ ಹುಚ್ಚಾಟದಿಂದ ಮಕ್ಕಳ ಓದಿಗೇ ಕಲ್ಲು ಬಿದ್ದಿತ್ತು.

“ಹತ್ತಿಸ್ಕೊಳ್ಳೋದು ಗೊತ್ತು ಮೇಡಂ,” ಎಂದರು. “ದಾರಿ ಮಧ್ಯೆ ಇಳ್ಸೋದು ನಂಗೆ ಬರಲ್ಲ.”

ಆಗ ನಿಖಿತಾ ಎದ್ದಳು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಬೆನ್ನು ನೆಟ್ಟಗೆ, ದನಿ ಗಟ್ಟಿ.

“ಸುಳ್ಳು ಹೇಳಿದ್ದು ತಪ್ಪು, ಒಪ್ಕೋತೀವಿ. ಚಾಚಾ ನನ್ನ ಪೋಷಕರು. ನಂಗೆ ಇಪ್ಪತ್ತೊಂದಾಯ್ತು, ಕೇದಾರನಿಗೆ ನಾನೇ ಪೋಷಕಿ.”

“ಇಕ್ರಾಗೆ ನಾನು,” ಎಂದು ಕೇದಾರ್ ತಟ್ಟನೆ ಎದ್ದ. “ವಿದ್ಯಾರ್ಥಿಗಳು ಪೋಷಕರಾಗ್ಬಾರ್ದು ಅಂತ ನಿಮ್ಮ ನಿಯಮದಲ್ಲಿ ಎಲ್ಲೂ ಇಲ್ಲ ಮೇಡಂ.”

ನಿಯಮ ಮಾಡಿದವರೇ ಜಯದೇವಿ. ನಿಯಮದ ಪುಸ್ತಕ ತಿರುವಿ ನೋಡಿದರು. “ಎದ್ದು ನಿಂತು ಮಾತಾಡಿ ಅಂತ ಕಲ್ಸಿದ್ದು ನಾವೇ,” ಎಂದು ಗೊಣಗಿದರು. “ಅನುಭವಿಸ್ಬೇಕು. ಮೂವರಿಗೂ ಮುಂದುವರೀಲಿ.”

ದಾರಿಯಲ್ಲಿ ಇಕ್ರಾ ಲೆಕ್ಕ ಹಾಕಿದಳು. “ಚಾಚಾ, ನಿಖಿತಾ ನಿಮ್ಗೆ ಮಗಳು, ಕೇದಾರ್ ಮೊಮ್ಮಗ. ಹಂಗಾದ್ರೆ ನಾನು ಮರಿಮಗಳು.”

ತೊಟ್ಟಿಲು ಕಟ್ಟದ ಮನೆ ಸಾಬರದು. ಮೂವರನ್ನೂ ಮನೆಗೇ ಕರೆದುಕೊಂಡು ಹೋದರು.

ಗುಲ್ಷನ್ ಎಲ್ಲವನ್ನೂ ಕೇಳಿ ಬಾಗಿಲನ್ನು ಪೂರ್ತಿ ತೆರೆದರು. ಮೂವರೂ ಹೊಸ್ತಿಲಾಚೆ ಚಪ್ಪಲಿ ಬಿಡಲೋ ಬೇಡವೋ ಎಂದು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು.

“ಬಾಗ್ಲಲ್ಲಿ ನಿಲ್ಬೇಡಿ,” ಎಂದರು ಗುಲ್ಷನ್. “ಒಳಗೆ ಖಾಲಿ ಇದೆ.”