ಸಮದ್ ಸಾಹೇಬರ ಕೈಯ ನೂಲು

“ಲೇ ಹುಲುಗ್ಯಾ, ಗಾಡಿನ ಎತ್ತರ ಮಾಡೀದಿ, ನಿನ್ನ ತಲಿ ಮಾತ್ರ ಕೆಳಗ ಉಳದೈತಿ.” ಸರದಿಯಲ್ಲಿದ್ದ ನಾಲ್ವರು ಲಾರಿ ಚಾಲಕರ ಮುಂದೆ ನನಗೆ ಹೀಗೆಂದವರೇ ಇಂದು ನಾವೆಲ್ಲ ಸೇರಿ ಗೌರವಿಸುತ್ತಿರುವ ಅಬ್ದುಲ್ ಸಮದ್ ಸಾಹೇಬರು. ಚಾಲಕರು ನಕ್ಕರು. ಆ ನಗು ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ. ಇದು ಅಭಿನಂದನ ಗ್ರಂಥವೆಂಬ ಕಾರಣಕ್ಕೆ ಅದನ್ನು ಮುಚ್ಚಿಡಲಾರೆ.

ಬಳ್ಳಾರಿಯಲ್ಲಿ ವೀಲ್ ಅಲೈನ್‌ಮೆಂಟ್, ಅಂದರೆ ಗಾಡಿಯ ಚಕ್ರಗಳನ್ನು ನೇರ ಮಾಡುವ ಕೆಲಸ, ಎಂದರೆ ಮೂವತ್ತೆಂಟು ವರ್ಷ ಸಮದ್ ಸಾಹೇಬರೇ. ಕಂಪ್ಯೂಟರ್ ಯಂತ್ರ ಬಂದ ಮೇಲೂ, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ನೂಲು ಹಿಡಿದು ನೋಡದೆ ಅವರು ಒಂದು ಗಾಡಿಯನ್ನೂ ಹೊರಗೆ ಬಿಟ್ಟವರಲ್ಲ. ಸಿರುಗುಪ್ಪದ ಭತ್ತದ ಲಾರಿಗಳೂ ಕಂಟೋನ್ಮೆಂಟಿನ ಡಾಕ್ಟರುಗಳ ಕಾರುಗಳೂ ಆ ನೂಲಿಗಾಗಿ ಒಂದೇ ಸಾಲಿನಲ್ಲಿ ಕಾದಿವೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ನನ್ನಂಥವನು ಇಂಥವರ ಬಗ್ಗೆ ಏನು ಬರೆದಾನು ಎನ್ನುವವರಿದ್ದಾರೆ. ಇರಲಿ.

ನಾನು ಕುರುಗೋಡಿನ ದೊಡ್ಡಬಸವರಾಜ ಸಾಹುಕಾರರ ಜೀಪಿನ ಚಾಲಕ. ಗದ್ದೆಯ ದಾರಿಯಲ್ಲಿ ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಕೆಲಸ ಬಲ್ಲೆನೆಂದು ಸಾಹುಕಾರರಿಗೆ ಹೇಳಿ, ಮುಂದಿನ ಸ್ಪ್ರಿಂಗುಗಳ ಮೇಲೆ ದಪ್ಪ ಬಿಲ್ಲೆಗಳನ್ನಿಟ್ಟು ನಾನೇ ಎತ್ತರಿಸಿದೆ. ಅಂದಿನಿಂದ ಸ್ಟೇರಿಂಗ್ ಒಂದು ಕಡೆ ಎಳೆಯತೊಡಗಿತು. ಹೊಸ ಟೈರಿನ ಅಂಚು ತಿಂಗಳೊಳಗೆ ಸವೆಯಿತು. ತಪ್ಪು ನನ್ನದೆಂದು ತಿಳಿದರೆ ಸಾಹುಕಾರರು ಕೀಲಿ ಕಸಿದುಕೊಳ್ಳುವುದು ಖಚಿತವಿತ್ತು. ಅವರಿಗೆ ತಿಳಿಸದೆ ಜೀಪನ್ನು ಸಮದ್ ಸಾಹೇಬರ ಬಳಿಗೆ ಒಯ್ದೆ; ನಾಲ್ವರ ಮುಂದೆ ಆ ಮಾತು ಕೇಳಿಸಿಕೊಂಡದ್ದು ಆಗಲೇ.

ಸಾಹೇಬರ ಪದ್ಧತಿಯೇ ಅನುಮಾನ ಹುಟ್ಟಿಸುವಂಥದು. ಖಾಲಿ ಗಾಡಿಯನ್ನು ಅವರು ಅಳೆಯುವುದಿಲ್ಲ. ದಾರಿಯಲ್ಲಿ ಓಡುವಾಗಿನ ಭಾರಕ್ಕೆಂದು ಹಿಂದಿನ ಸೀಟಿನಲ್ಲಿ ಮರಳಿನ ಚೀಲಗಳು, ಚಾಲಕನ ಜಾಗದಲ್ಲಿ ಚಾಲಕನೇ ಇರಬೇಕು. ಕೆಳಗೆ ನಡೆಯುವುದು ಕಾಣಬಾರದೆಂದೇ ನನ್ನನ್ನು ಮೇಲೆ ಕೂರಿಸಿದ್ದಾರೆಂದು ಹಲ್ಲು ಕಚ್ಚಿ ಕುಳಿತೆ. ಅವರು ಗಾಡಿಯ ಕೆಳಗಿನಿಂದ ಎದ್ದು ಬಂದು, ಎಡದ ಬಿಲ್ಲೆ ಬಲದ್ದಕ್ಕಿಂತ ದಪ್ಪವೆಂದು ನನ್ನೊಬ್ಬನ ಕಿವಿಯಲ್ಲಿ ಹೇಳಿದರು. ಸರಿಯಾದದ್ದನ್ನು ಹುಡುಕಿ ಕೊಟ್ಟು ನನ್ನ ಕೈಯಿಂದಲೇ ಹಾಕಿಸಿದರು. ಚಕ್ರಗಳನ್ನು ನೇರ ಮಾಡಿದ ಮೇಲೂ ಬಿಡಲಿಲ್ಲ. ಸ್ಪ್ರಿಂಗು ಚೆನ್ನಾಗಿ ಕೂರಲಿ, ಚೀಲಗಳ ಸಮೇತ ಸಿರುಗುಪ್ಪಕ್ಕೆ ಹೋಗಿ ಬಾ, ಮತ್ತೊಮ್ಮೆ ನೋಡೋಣ ಎಂದರು. ನಾನು ಅತ್ತ ಹೋದೊಡನೆ ಸಾಹುಕಾರರಿಗೆ ಫೋನು ಮಾಡುವ ಉಪಾಯವಿದು ಎಂದುಕೊಂಡೇ ಹೋದೆ.

ಮರಳಿದಾಗ ಸಾಹುಕಾರರು ಅಲ್ಲೇ ನಿಂತಿದ್ದರು. ಸವೆದ ಟೈರು ಅವರ ಕಣ್ಣಿಗೂ ಬಿದ್ದಿತ್ತೆಂದು, ಅದಕ್ಕೇ ತಾವಾಗಿ ಬಂದರೆಂದು ನನಗೆ ತಿಳಿದದ್ದು ಆಮೇಲೆ.

“ಖರೇ ಹೇಳ್ರಿ ಸಾಹೇಬ್ರ, ಗಾಡಿ ಇವನ ಕೆಡಿಸ್ಯಾನಿಲ್ಲ?”

ಸಮದ್ ಸಾಹೇಬರು ನೂಲು ಸುತ್ತುತ್ತಲೇ ಅಂದರು: “ಎತ್ತರ ಮಾಡಿದ ಗಾಡಿ ಯಾರದಾದ್ರೂ ಎಳಿತೈತ್ರಿ. ಈ ಹುಡುಗ ತನ್ನ ಕೈಲೇ ಸರಿ ಮಾಡ್ಯಾನ. ಕೀಲಿ ಇವನ ಹತ್ರನ ಇರ್ಲಿ.”

ಕೂದಲೆಳೆಯಷ್ಟು ಓರೆಯನ್ನೂ ಸಹಿಸದವರು ಅಂದು ನನಗಾಗಿ ಅರ್ಧ ಸತ್ಯ ಹೇಳಿದರು. ಕೀಲಿ ಇಂದಿಗೂ ನನ್ನ ಜೇಬಿನಲ್ಲಿದೆ.

ಸಾಹೇಬರು ಬಹುಕಾಲ ಬಾಳಲಿ, ಅವರ ಕಣ್ಣು ಮಂಜಾಗದಿರಲಿ, ನಿವೃತ್ತಿಯ ನಂತರವೂ ನೂಲು ಅವರ ಕೈಬಿಡದಿರಲಿ. ನನ್ನ ಸಿಟ್ಟು ಮಾತ್ರ ಹಾಗೆಯೇ ಇದೆ. ಇದನ್ನು ಬರೆಯುವ ಮುನ್ನ ಹೋಗಿ ಕೇಳಿಯೇಬಿಟ್ಟೆ: “ಬೈಯಾಕ ನಾಲ್ಕು ಮಂದಿ ಬೇಕಾಗಿತ್ತು, ತಪ್ಪು ಹೇಳಾಕ ಯಾಕ ಬ್ಯಾಡಾಗಿತ್ರಿ?”

ಬೇರೆಯವರ ಕೈಗೆ ಕೊಟ್ಟದ್ದನ್ನು ನಾನೆಂದೂ ಕಂಡಿರದ ಆ ನೂಲಿನ ಒಂದು ತುದಿಯನ್ನು ಅವರು ನನ್ನ ಕೈಗಿತ್ತು, ಅಲ್ಲಿದ್ದ ಗಾಡಿಯ ಹಿಂದಿನ ಚಕ್ರಕ್ಕೆ ಹಿಡಿಯುವಂತೆ ಸನ್ನೆ ಮಾಡಿ, ಮುಂದಿನ ಚಕ್ರದತ್ತ ನಡೆದುಹೋದರು.