ನಾಲ್ಕನೆಯ ಮೂಲೆಗೆ ಹೋದ ಅಂಬಾಸಿಡರ್

ನಮ್ಮ ಅಂಬಾಸಿಡರ್ ಕಾರನ್ನು ನೋಡಿ ನಗದವರು ಹಗರಿಬೊಮ್ಮನಹಳ್ಳಿಯಲ್ಲಿ ಯಾರೂ ಇರಲಿಲ್ಲ. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಮೈ, ದಪ್ಪ ಹಲ್ಲಿನ ಟೈರು, ನೆತ್ತಿಯ ಮೇಲೆ ಕಟ್ಟಿಗೆ ಹೊರೆ, ನೀರಿನ ಕೊಡ, ಸುತ್ತಿಟ್ಟ ತಾಡಪಾಲು. ಸೀರೆ ಎತ್ತಿಕಟ್ಟಿ ಹಳ್ಳ ದಾಟುವ ಹೆಂಗಸಿನಂತಿದೆ ಎಂದು ನನ್ನ ಹೆಂಡತಿಯೇ ಅಂದಳು. ನನಗೆ ಸಿಟ್ಟು ಬಂತು. ನನಗೆ ಬಲುಬೇಗ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ನಿಮಿಷ ಬಿಟ್ಟು ನೋಡಿದರೆ ಅವಳು ಹೇಳಿದ್ದು ನಿಜವೇ ಆಗಿತ್ತು. ನಾನೂ ನಕ್ಕೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು. ಕೈಯಲ್ಲಿ ಪೆನ್ಸಿಲ್ಲೊಂದಿದ್ದರೆ ಯಾವುದನ್ನಾದರೂ ಸರಿಮಾಡಿಬಿಡುತ್ತೇನೆ ಎಂಬ ಸೊಕ್ಕು ಆಗ ನನಗಿತ್ತು. ಟ್ಯಾಕ್ಸಿಯವರೊಬ್ಬರು ಬೇಡವೆಂದು ಬಿಟ್ಟ ಆ ಕಾರನ್ನು, ಅದಿನ್ನೂ ಮಾಮೂಲಿ ಎತ್ತರದಲ್ಲಿದ್ದಾಗ, ಅದೇ ಸೊಕ್ಕಿನಲ್ಲಿ ಮನೆಗೆ ತಂದಿದ್ದೆ. ಆರು ತಿಂಗಳು ಓಡಿ, ಆಮೇಲೆ ಅಂಗಳದ ಬೇವಿನ ಮರದಡಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡತೊಡಗಿದ್ದೇ ಅದರಿಂದಾದ ಲಾಭ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಪ್ಪ ಹೋದ ಮೇಲೆ ಹಂಪಸಾಗರದ ಕಡೆ ಇದ್ದ ನಮ್ಮ ಎರೆಹೊಲವನ್ನು ಅವಳೇ ನೋಡಿಕೊಂಡಳು. ಮದುವೆಯ ಮಾತು ಬಂದಾಗಲೆಲ್ಲ "ಬಿತ್ತಿಗಿ ಮುಗೀಲಿ" ಅನ್ನುತ್ತಿದ್ದಳು. ಹೊಲದಲ್ಲಿ ಬಿತ್ತಿಗೆ ಮುಗಿಯುತ್ತಿತ್ತು, ಅವಳ ಮಾತು ಮುಗಿಯುತ್ತಿರಲಿಲ್ಲ. ನಾನು ಬಣ್ಣದ ಡಬ್ಬಿ ಹಿಡಿದು ಓದಿದ್ದು ಅವಳು ಕುಂಟೆ ಹಿಡಿದದ್ದರಿಂದ.

ಸೀಗಿ ಹುಣ್ಣಿಮೆ ಬಂತೆಂದರೆ ಅಕ್ಕ ಬೇರೆಯೇ ಆಗಿಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಹಿಂದಿನ ಸಂಜೆಯೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೂರು ಕಲ್ಲಿನ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುವುದು ಪದ್ಧತಿ. ಮುಂಜಾನೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಪೂಜೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಕಲಸಿ, ಬುಟ್ಟಿಯಲ್ಲಿ ತುಂಬಿ, ಬರಿಗಾಲಿನಲ್ಲಿ ಹೊಲದ ನಾಲ್ಕೂ ಮೂಲೆಗೆ ಹೋಗಿ, ಕೂಗುತ್ತಾ ಚರಗ ಚೆಲ್ಲುವುದು. ಭೂಮಿತಾಯಿಗೆ ಉಣಿಸುವ ಆ ಬುಟ್ಟಿ ಅಕ್ಕನದು. ಅವಳ ಕೂಗಿಗೆ ಪಕ್ಕದ ಹೊಲದ ಎತ್ತುಗಳೂ ತಲೆ ಎತ್ತುತ್ತಿದ್ದವು.

ಒಂದು ವರ್ಷ ಬಣವೆ ಒಟ್ಟುವಾಗ ಮೇಲಿಂದ ಬಿದ್ದು ಸೊಂಟದ ಕೆಳಗಿನ ಎಲುಬು ಮುರಿದುಕೊಂಡಳು. ಒಳಗೆ ರಾಡು ಕೂತಿತು. ಬಂಡಿ, ಟ್ರಾಕ್ಟರು ಹತ್ತಕೂಡದು, ನೆಲಕ್ಕೆ ಕೂರಕೂಡದು, ಕುಲುಕಾಟ ಬೇಡವೇ ಬೇಡ ಎಂದರು ಡಾಕ್ಟರು. ಎರಡು ಸೀಗಿ ಹುಣ್ಣಿಮೆಗೆ ಅವಳು ಮನೆಯ ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. ಬುಟ್ಟಿ ಹೊತ್ತವನು ನಾನು. ನನ್ನ ಕೂಗಿಗೆ ಎತ್ತು ಹೋಗಲಿ, ನನ್ನ ಹೆಂಡತಿಯೂ ತಲೆ ಎತ್ತಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಹೊಲದ ನಾಲ್ಕನೆಯ ಮೂಲೆ ಹಳ್ಳಕ್ಕೆ ಹತ್ತಿಕೊಂಡಿದೆ. ಮಳೆಗಾಲ ಮುಗಿದರೂ ಅಲ್ಲಿ ಮೊಣಕಾಲುದ್ದ ಕೆಸರು, ಕಾಲಿಟ್ಟರೆ ಎರೆಮಣ್ಣು ಬಿಡುವುದಿಲ್ಲ. ಆ ಎರಡೂ ವರ್ಷ ನಾನು ಮೂರು ಮೂಲೆಗೆ ಹೋದೆ, ನಾಲ್ಕನೆಯದಕ್ಕೆ ಹೋಗಲೇ ಇಲ್ಲ. "ನಾಕೂ ಮೂಲಿಗೆ ಆತೇನೋ?" ಎಂದು ಅಕ್ಕ ಕಟ್ಟೆಯ ಮೇಲಿಂದ ಕೇಳಿದಾಗ "ಆತು ಯಕ್ಕಾ" ಎಂದೆ. ಅವಳು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, "ಉಣ್ಣ ಹೋಗು" ಎಂದಳು. ಅಷ್ಟೇ.

ಮೂರನೆಯ ವರ್ಷದ ಶ್ರಾವಣದಲ್ಲಿ ಬುಟ್ಟಿಯನ್ನು ಸಾರಿಸಿ ಒಣಗಿಸುತ್ತಾ ಅಕ್ಕ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದಳು.

"ಮೂರು ವರ್ಷ ಒಂದೇ ಸಮ ಹೊಲಕ್ಕ ಹೋಗದಾಕಿ ಬುಟ್ಟಿ ಇಟ್ಕೋಬಾರ್ದು. ಅವ್ವ ನನಗ ಕೊಟ್ಟದ್ದೂ ಹಿಂಗ. ಈ ಸಲಾನೂ ಆಗ್ಲಿಲ್ಲಂದ್ರ ಇದು ನಿನ್ನ ಹೇಣ್ತೀದು."

"ನನಗ ಬ್ಯಾಡ್ರಿ ಅಕ್ಕಾರ," ಎಂದು ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಅಂದ್ರ ಹೆಂಗ? ಪದ್ಧತಿ ಅಂದ್ರ ಪದ್ಧತಿ," ಎಂದು ಅಕ್ಕ ನಕ್ಕಳು. ನಕ್ಕವಳು ಬುಟ್ಟಿಯ ಅಂಚನ್ನು ಮಾತ್ರ ಬಿಟ್ಟಿರಲಿಲ್ಲ. ಮರುದಿನವೇ ನಾನು ಕೊಟ್ಟೂರಿನ ಬಸ್ಸು ಹತ್ತಿದೆ.

ಕೊಟ್ಟೂರಿನಲ್ಲಿ ಗ್ಯಾರೇಜು ಇಟ್ಟಿದ್ದ ನನ್ನ ಗೆಳೆಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನೇ. ಹಳೆಯ ಲಾರಿಗಳಿಗೆ ಮರುಜನ್ಮ ಕೊಡುವುದರಲ್ಲಿ ಅವನ ಕೈ ಪಳಗಿತ್ತು. ವಿಷಯ ಹೇಳಿದೆ.

"ಲೇ ದೋಸ್ತ, ನಿನ್ನ ಕೋಳಿಗೂಡು ಐತಲ್ಲ, ಅದನ್ನ ತಗೊಂಬಾ," ಎಂದ. "ಬಳ್ಳಾರಿ ಗುಜರಿಯಾಗ ಹಳೇ ಮಿಲ್ಟ್ರಿ ಜೀಪ್ ಬಿದ್ದೈತಿ. ಅದರ ನಾಕೂ ಗಾಲಿ ಎಳೀತಾವು. ಕೆಳಗ ಜೀಪು, ಮ್ಯಾಲ ಅಂಬಾಸಿಡರ್. ಯಕ್ಕನ್ನ ಮಲಗಿಸ್ಕೊಂಡೇ ಹೊಲಕ್ಕ ಹೋಗೋಣು."

ಇದಕ್ಕೆ ಯಾರ ಪರವಾನಗಿ ಇತ್ತು ಎಂದು ದಯವಿಟ್ಟು ಕೇಳಬೇಡಿ.

ನಾನು ನಕ್ಷೆ ಬರೆದೆ. ಎಂಥ ನಕ್ಷೆ! ಮೂರು ಬಣ್ಣದಲ್ಲಿ, ನೆರಳು ಬೆಳಕು ಸಮೇತ. ಜೀಪಿನ ಮುಂದಿನ ಅಚ್ಚಿನ ನಡುವೆ ಕಬ್ಬಿಣದ ಒಂದು ದೊಡ್ಡ ಗುಂಡು ಇರುತ್ತದೆ, ಎಂಜಿನ್ನಿನ ಬಲವನ್ನು ಗಾಲಿಗೆ ಹಂಚುವುದು ಅದೇ. ನನ್ನ ಚಿತ್ರದಲ್ಲಿ ಅದು ಸ್ಟೀರಿಂಗಿನ ಸರಳಿಗೆ ತಾಗುತ್ತಿತ್ತು. ಅಳಿಸಿ, ಅಚ್ಚನ್ನು ಮಗುಚಿ ಬರೆದೆ. ಕಾಗದದ ಮೇಲೆ ಸೊಗಸಾಗಿ ಕೂತಿತು. ಗೆಳೆಯ ಅದನ್ನು ನೋಡಿ ತಲೆ ಕೆರೆದುಕೊಂಡು, "ಮಗುಚಿದ್ರ ನಡೀತೈತೇನಲೇ?" ಎಂದ. "ನಕ್ಷೆ ಬರೆದವ ನಾನೋ ನೀನೋ?" ಎಂದು ರೇಗಿದೆ. ಪಾಪ, ನಾನು ಓದಿದವನೆಂಬ ಗೌರವ ಅವನಿಗೆ. ಇದ್ದ ಹಾಗೆಯೇ ಕೂರಿಸಿದ.

ಒಳಗಿನ ಕೆಲಸ ನಮ್ಮ ಅಂಗಳದಲ್ಲೇ ಆಯಿತು. ಅದರ ಯಜಮಾನಿಕೆ ಅಕ್ಕನದು. ಹಿಂದಿನ ಸೀಟು ಕಿತ್ತು, ಮುಂದಿನ ಎಡಸೀಟನ್ನೂ ಕಿತ್ತು, ಡಿಕ್ಕಿಯವರೆಗೆ ಉದ್ದಕ್ಕೆ ಜಾಗ ಮಾಡಿದ್ದೆವು. ಅಲ್ಲಿ ಸ್ಪಂಜಿನ ಹಾಸಿಗೆ ಎಂದು ನಾನು ಬರೆದಿದ್ದೆ.

"ಸ್ಪಂಜು ಯಾತಕ್ಕ? ಹೊರಸು ಹೆಣೀರಿ," ಎಂದಳು ಅಕ್ಕ. "ನುಲಿ ಹೊರಸಿನ ಮ್ಯಾಲ ಮಲಗಿದ್ರ ಕೆಳಗ ಏನ್ ಕುಣುದ್ರೂ ಮೈಗೆ ಹತ್ತಂಗಿಲ್ಲ."

ಮಂಚದಳತೆಯ ಕಬ್ಬಿಣದ ಚೌಕಟ್ಟು ಬೆಸೆದು ತಂದೆವು. ಅಕ್ಕ ಕುರ್ಚಿಯ ಮೇಲೆ ಕೂತು, ನುಲಿ ಹಗ್ಗ ಎಳೆದೆಳೆದು ತಾನೇ ಹೆಣೆದಳು. ಡಿಕ್ಕಿಯ ಬಾಯಿಗೆ ಒಂದು ಮಡಚುವ ಹಲಗೆ ಬಂತು. ಅದು ಅವಳ ಸೊಂಟದೆತ್ತರಕ್ಕೆ ಸರಿಯಾಗಿ, ನಿಂತುಕೊಂಡೇ ರೊಟ್ಟಿ ಬಡಿಯಲಿಕ್ಕೆ. ಅಳತೆ ತೆಗೆಯಲು ನಾನು ಟೇಪು ತರುವಷ್ಟರಲ್ಲಿ ಅವಳು ಗಾಳಿಯಲ್ಲೇ ರೊಟ್ಟಿ ಬಡಿದು, "ಇಲ್ಲಿಗೆ" ಎಂದು ಕೈ ತೋರಿಸಿದಳು. ನೆತ್ತಿಯ ಕಂಬಿಯಿಂದ ತಾಡಪಾಲು ಇಳಿಬಿಟ್ಟು ಎರಡು ಗೂಟಕ್ಕೆ ಕಟ್ಟಿದರೆ ನಮಗೆಲ್ಲ ಮಲಗಲು ಚಪ್ಪರ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಗು ನಿಲ್ಲುತ್ತಲೇ ಇರಲಿಲ್ಲ. ಗೂಡು ಕಳೆದುಕೊಂಡ ಕೋಳಿ ಮಾತ್ರ ವಾರಗಟ್ಟಲೆ ಕಾರಿನ ಸುತ್ತ ಸಿಟ್ಟಿನಿಂದ ತಿರುಗಿತು.

ಕಾರು ಓಡಿತು, ಆದರೆ ಹಿಂದಿನ ಗಾಲಿಗಳ ಬಲದಿಂದ ಮಾತ್ರ. ಮುಂದಿನ ಗಾಲಿಗೆ ಬಲ ಕೊಡುವ ಸಣ್ಣ ಲಿವರನ್ನು ಗೆಳೆಯ ಮುಟ್ಟಲು ಬಿಡಲಿಲ್ಲ. ಹೊಸದಾಗಿ ಕೂರಿಸಿದ್ದನ್ನು ಪೂಜೆಯಾಗದೆ ಚಾಲೂ ಮಾಡುವುದು ಅವನ ಗ್ಯಾರೇಜಿನಲ್ಲಿ ನಿಷಿದ್ಧ. ಹುಣ್ಣಿಮೆಗೆ ನಾಲ್ಕು ದಿನ ಮೊದಲು, ದಸರಾ ರಜೆಯಲ್ಲಿ, ಮನೆಯ ಮುಂದೆ ಪೂಜೆ ಇಟ್ಟುಕೊಂಡೆವು. ಮೂರು ಎಳೆ ವಿಭೂತಿ, ಹೂವಿನ ಹಾರ, ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು. ಓಣಿಯೆಲ್ಲ ಸೇರಿತ್ತು. ಹಿಂದಿನ ದಿನದ ಮಳೆಗೆ ನೆಲ ಹಸಿಯಾಗಿತ್ತು. ಗೆಳೆಯ ಕಾಯಿ ಒಡೆದು, ಸ್ಟೀರಿಂಗ್ ಹಿಡಿದು, ಸಣ್ಣ ಲಿವರ್ ಎಳೆದು, ಕ್ಲಚ್ ಬಿಟ್ಟ.

ಕಾರು ಗಡಗಡ ನಡುಗಿತು. ಹೂಂಕರಿಸಿತು. ನಿಂತಲ್ಲೇ ನಾಲ್ಕು ಗುಂಡಿ ತೋಡಿಕೊಂಡಿತು. ಗಾಲಿ ಎರಚಿದ ಕೆಸರು ನನ್ನ ಹೊಸ ಅಂಗಿಗೂ ಹಾರಿತು. ಒಂದು ಗೇಣೂ ಮುಂದೆ ಹೋಗಲಿಲ್ಲ.

"ಇನ್ನಷ್ಟು ರೇಸ್ ಮಾಡಲೇ!" ಎಂದು ನಾನು ಕೂಗಿದೆ. ಅವನು ಮಾಡಿದ. ಗುಂಡಿ ಇನ್ನಷ್ಟು ಆಳವಾಯಿತು.

ಕಟ್ಟೆಯ ಮೇಲಿದ್ದ ಅಕ್ಕ ಕೋಲು ಎತ್ತಿ ನಿಲ್ಲಿಸಲು ಹೇಳಿದಳು. "ಲೇ ತಮ್ಮಾ, ಹಿಂದಿನ ನಿಂಬಿಹಣ್ಣು ಅಪ್ಪಚ್ಚಿ ಆಗ್ಯಾವು. ಮುಂದಿನವು ನೋಡು, ಇಟ್ಟಂಗ ಅದಾವು. ಮುಂದಿನ ಗಾಲಿ ಹಿಂದಕ್ಕ ತಿರುಗಾಕ ಹತ್ಯಾವೋ!"

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಗೆಳೆಯನ ಮೇಲೆ ಹರಿಹಾಯ್ದೆ. ಅವನು ಜೇಬಿನಿಂದ ನನ್ನ ಮೂರು ಬಣ್ಣದ ನಕ್ಷೆ ತೆಗೆದು ಬಾನೆಟ್ಟಿನ ಮೇಲೆ ಹಾಸಿದ. ಮಗುಚಿದ ಅಚ್ಚಿನಲ್ಲಿ ಗಾಲಿ ಉಲ್ಟಾ ತಿರುಗುವುದು ಅವನಿಗೂ ನನಗೂ ಒಟ್ಟಿಗೇ ಹೊಳೆಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಗಿಂತ ಹೆಚ್ಚು ಹೆದರಿಕೆ. ನಾಲ್ಕೇ ದಿನ ಉಳಿದಿತ್ತು, ಬುಟ್ಟಿ ಅಕ್ಕನ ಕೈ ಬಿಡುತ್ತಿತ್ತು, ಅದೂ ನನ್ನ ಪೆನ್ಸಿಲ್ಲಿನಿಂದ.

"ತಪ್ಪು ನಂದು," ಎಂದೆ. ಓಣಿಯ ಎದುರು ಹಾಗೆ ಹೇಳಿದ್ದು ಅದೇ ಮೊದಲು.

"ಗೊತ್ತೈತಿ ಬಿಡು. ಪ್ಯಾಂಟ್ ಮಡಚು, ಕೆಳಗ ಬಾ," ಎಂದ ಗೆಳೆಯ.

ಮೂರು ದಿನ ನಾವಿಬ್ಬರೂ ಕಾರಿನಡಿ ಮಲಗಿದೆವು. ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಮುಂಭಾಗ ಎತ್ತಿ, ಅಚ್ಚು ಬಿಚ್ಚಿ, ಸರಿಯಾಗಿ ತಿರುವಿ ಕೂರಿಸಿದೆವು. ಸ್ಟೀರಿಂಗಿನ ಸರಳನ್ನು ಅವನು ಕಾಯಿಸಿ ಬಗ್ಗಿಸಿ ಆ ಕಬ್ಬಿಣದ ಗುಂಡಿಗೆ ಜಾಗ ಮಾಡಿಕೊಟ್ಟ. ನಕ್ಷೆ ಇಲ್ಲದೆ, ಕಣ್ಣಳತೆಯಲ್ಲಿ. ಅಕ್ಕ ನಮಗೆ ಚಹಾ ಕೊಡುತ್ತಾ, "ಮೇಷ್ಟ್ರ ಮಾರಿ ಈಗ ಮನಷಾರ ಮಾರಿ ಆಗೈತಿ ನೋಡು," ಎಂದಳು. ಮೂಗಿನಿಂದ ಕಿವಿಯವರೆಗೆ ಗ್ರೀಸು ಹತ್ತಿತ್ತು. ಮತ್ತೆ ನಾಲ್ಕು ನಿಂಬೆಹಣ್ಣು ಇಟ್ಟೆವು. ನಾಲ್ಕೂ ಅಪ್ಪಚ್ಚಿಯಾದವು. ಅಕ್ಕ ಒಂದೊಂದನ್ನೂ ಕೋಲಿನಿಂದ ತಿರುಗಿಸಿ ನೋಡಿ ಖಾತ್ರಿ ಮಾಡಿಕೊಂಡಳು.

ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಹೊರಟೆವು, ಸ್ಟೀರಿಂಗಿಗೆ ನಾನು, ಹೊರಸಿನ ತುದಿಗೆ ಹೆಂಡತಿ, ಹಿಂದೆ ಸೈಕಲ್ ಮೇಲೆ ಗೆಳೆಯ. ಅಕ್ಕ ಹೊರಸಿನ ಮೇಲೆ ಉದ್ದಕ್ಕೆ ಮಲಗಿ, ಎದೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಕಿಟಕಿಯಿಂದ ಪ್ರತಿಯೊಬ್ಬರ ಹೊಲಕ್ಕೂ ಮಾರ್ಕು ಕೊಡುತ್ತಾ ಬಂದಳು. ಇವರ ಸಜ್ಜೆ ಚಲೋ ಐತಿ, ಇವರು ಕಳೆ ತೆಗೆದೇ ಇಲ್ಲ, ಇವ ಬದು ಒತ್ತ್ಯಾನ. ಡಾಂಬರು ಮುಗಿದು ಬಂಡಿದಾರಿ ಬಂತು. ಕಾರು ಅತ್ತಿತ್ತ ತೊನೆದಾಡಿತು. "ಯಕ್ಕಾ, ನೋವೇನಾರ?" ಎಂದು ಹತ್ತು ಸಲ ಕೇಳಿದೆ. "ತೊಟ್ಲಾಗ ಹಾಕಿ ತೂಗಿದಂಗ ಐತಿ. ಸುಮ್ಕ ಹೊಡಿ," ಎಂದಳು.

ಸಂಜೆ ಬನ್ನಿಗಿಡದ ಬಳಿ ತಾಡಪಾಲು ಇಳಿಸಿದೆವು. ಅಕ್ಕ ಡಿಕ್ಕಿಯ ಹಲಗೆಯ ಮುಂದೆ ನಿಂತು ರೊಟ್ಟಿ ಬಡಿದಳು, ಹೆಂಡತಿ ಒಲೆಯ ಮೇಲೆ ಬೇಯಿಸಿದಳು. ಅಕ್ಕಪಕ್ಕದ ಹೊಲಗಳಿಂದ ಬಂದವರು ನಿಂತು ರೊಟ್ಟಿ ಬಡಿಯುವ ಹೆಂಗಸನ್ನು ನೋಡಿ ಬೆರಗಾದರು. ಆ ತಟಪಟ ಸದ್ದು ಕೇಳಿ ಎರಡು ವರ್ಷವಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಣ್ಣಿಗೆ ಹೊಗೆ ಹೋಯಿತೆಂದು ಎದ್ದು ಆಚೆ ಹೋದೆ.

ಬೆಳಿಗ್ಗೆ ಪೂಜೆಯಾಯಿತು. ಮೊದಲ ಮೂಲೆ ಹತ್ತಿರವಿತ್ತು, ಅಕ್ಕ ಕೋಲೂರಿಕೊಂಡು ಬರಿಗಾಲಲ್ಲೇ ನಡೆದಳು. ಒಂದು ಹಿಡಿ ಚರಗ ಎತ್ತಿ ಚೆಲ್ಲಿ, ಕೂಗಿದಳು. ಆ ದನಿ ಕೇಳಿ ದೂರದಲ್ಲಿ ಯಾರೋ ತಿರುಗಿ ಕೂಗಿದರು. ಎರಡನೆಯ, ಮೂರನೆಯ ಮೂಲೆಗೆ ಬದುವಿನ ಗುಂಟ ಕಾರಿನಲ್ಲೇ ಕರೆದೊಯ್ದೆ. "ಇಲ್ಲಿಗೆ ಸಾಕಲ್ಲ ಯಕ್ಕಾ," ಎಂದೆ, ಮೆಲ್ಲಗೆ. "ಹಳ್ಳದ ಕಡಿ ಕೆಸರು ಭಾಳ ಐತಿ."

"ನಾಕು ಗಾಲಿ ಯಾತಕ್ಕ ಮಾಡ್ಸಿದ್ದು?" ಎಂದಳು.

ಸಣ್ಣ ಲಿವರ್ ಎಳೆದೆ. ಕಾರು ಕೆಸರಿಗೆ ಇಳಿಯಿತು, ತೊಯ್ದಾಡಿತು, ಒಂದು ಕ್ಷಣ ನಿಂತೇಬಿಟ್ಟಿತು ಎನ್ನಿಸಿತು. ಆಮೇಲೆ ಮುಂದಿನ ಗಾಲಿಗಳು ಮುಂದಕ್ಕೇ ತಿರುಗಿ, ನೆಲ ಕಚ್ಚಿ ಎಳೆದವು. ನನ್ನ ಹೆಂಡತಿಯ ಜೊತೆ ಹಿಂದೆ ನಡೆದು ಬರುತ್ತಿದ್ದ ಗೆಳೆಯ ಹೊಲ ಹಾರಿಹೋಗುವ ಹಾಗೆ ಸಿಳ್ಳೆ ಹೊಡೆದ.

ನಾಲ್ಕನೆಯ ಮೂಲೆಯಲ್ಲಿ ನಾನು ಕೆಸರಿಗಿಳಿದು ಅಕ್ಕನ ರಟ್ಟೆ ಹಿಡಿದೆ. ಅವಳು ಕಾರಿನ ಬಾಗಿಲ ಹೊಸ್ತಿಲ ಮೇಲೆ ನಿಂತು ಒಂದು ಹಿಡಿ ಚೆಲ್ಲಿ ಕೂಗಿದಳು. ಮತ್ತೊಂದು ಹಿಡಿ ಚೆಲ್ಲಿ ಕೂಗಿದಳು. ಮತ್ತೂ ಒಂದು.

"ಮೂರು ಯಾಕ ಯಕ್ಕಾ?"

"ಒಂದು ಈ ವರ್ಷದ್ದು. ಎರಡು, ನೀ ಚೆಲ್ಲದ ಬಿಟ್ಟದ್ದು."

"ನಿನಗ ಯಾರು ಹೇಳಿದ್ರು?" ಎಂದೆ.

"ಎರಡು ವರ್ಷಾನೂ ಕಟ್ಟಿ ಮ್ಯಾಲ ಕುಂತು ನಿನ್ನ ಕಾಲು ನೋಡೀನಿ," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಈ ಮೂಲಿಗೆ ಬಂದು ಹೋದಾವನ ಕಾಲು ಅಷ್ಟು ಸ್ವಚ್ಛ ಇರ್ತಾವೇನೋ?"

ಬುಟ್ಟಿಯ ತಳದಲ್ಲಿ ಇನ್ನೊಂದು ಹಿಡಿ ಉಳಿದಿತ್ತು. ಅದನ್ನು ನನ್ನ ಕೈಗೆ ಹಾಕಿದಳು. ಚೆಲ್ಲಿ ಕೂಗಿದೆ. ದನಿ ಒಡೆದು ಎಲ್ಲೆಲ್ಲೋ ಹೋಯಿತು. ಹೆಂಡತಿ, ಗೆಳೆಯ, ಅಕ್ಕ ಮೂವರೂ ನಕ್ಕರು, ನಾನು ಮಾತ್ರ ಅತ್ತೆ, ಆಮೇಲೆ ನಾನೂ ನಕ್ಕೆ.

ಸಂಜೆ ಮನೆಗೆ ಬಂದಾಗ ಅಕ್ಕ ಇಳಿದು, ಬುಟ್ಟಿಯನ್ನು ತನ್ನ ಕೋಣೆಯ ಗೂಟಕ್ಕೆ ತಾನೇ ನೇತುಹಾಕಿ ಬಂದು, ಕಟ್ಟೆಯ ಮೇಲೆ ಕೂತಳು. ನಾನು ಎದುರಿಗೆ ನಿಂತೆ. ಮೊಣಕಾಲವರೆಗೆ ಒಣಗಿದ ಎರೆಮಣ್ಣನ್ನು ಅವಳು ತುಂಬ ಹೊತ್ತು ನೋಡಿದಳು.

"ಈಗ ಕಾಲು ತೊಳ್ಕೊ ಹೋಗು," ಎಂದಳು.