ಕೊಯ್ದವರ ಕಟ್ಟಿಗೆ

ಮೂರು ವರ್ಷಗಳ ಹಿಂದೆ, ಸಂಕ್ರಾಂತಿಯ ಮರುವಾರ ಪ್ರಕಟವಾದ ನನ್ನ ವರದಿಯಿಂದ ಒಂದು ಹೇಳಿಕೆಯನ್ನು ತೆಗೆದುಹಾಕಲಾಗಿತ್ತು. ತೆಗೆದವನು ನಾನೇ.

ವಾಡಿಯ ಸಿಮೆಂಟ್ ಕಾರ್ಖಾನೆಯ ಗೂಡುಗಳಲ್ಲಿ ಕಲ್ಲಿದ್ದಲಿನ ಬದಲು, ಕಾಳು ಬಿಡಿಸಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆ ಉರಿಸಬಹುದು ಎಂಬುದು ವರದಿಯ ವಿಷಯ. ‘ಹೊಲದ ಕಸವೇ ಇಂಧನ’ ಎಂಬ ಶೀರ್ಷಿಕೆ ಆಗಲೇ ಮನಸ್ಸಿನಲ್ಲಿ ಕುಳಿತಿತ್ತು. ಪಕ್ಕದ ಹಳ್ಳಿಯಲ್ಲಿ ತೊಗರಿ ಕೊಯ್ಯುತ್ತಿದ್ದ ಕಲ್ಲಮ್ಮ ನನ್ನ ಬಾಯಲ್ಲಿ ‘ಕಸ’ ಎಂಬ ಮಾತು ಕೇಳಿ ಕುಡುಗೋಲು ನಿಲ್ಲಿಸಿದಳು.

“ಕಸ ಅಲ್ರಿ ಸಾಹೇಬ್ರ, ಬರ್ಕೋರಿ. ಸಿಲಿಂಡರ್ ಚಹಾ ಕಾಸಾಕ ಅದ, ರೊಟ್ಟಿಗಿ ಇದೇ ಬೇಕು. ಕೊಯ್ದೋರಿಗಿ ಕಟ್ಟಿಗಿ — ನಮ್ಮ ಅತ್ತಿ ಕಾಲದಿಂದ ಹಿಂಗೇ ಅದ.”

ಬರೆದುಕೊಂಡೆ. ಆದರೆ ಆ ಮಾತು ಉಳಿದರೆ ಶೀರ್ಷಿಕೆ ಉಳಿಯುತ್ತಿರಲಿಲ್ಲ — ಶೀರ್ಷಿಕೆಯನ್ನು ಉಳಿಸಿಕೊಂಡೆ. ಕಲ್ಲಿದ್ದಲು ಕಡಿಮೆಯಾಗುತ್ತದೆ ಎಂದು ಬರೆದದ್ದು ಸುಳ್ಳಲ್ಲ. ಆ ಕಟ್ಟಿಗೆ ಯಾರ ಒಲೆಯಿಂದ ಬರುತ್ತದೆ ಎಂದು ಮಾತ್ರ ಬರೆಯಲಿಲ್ಲ. ಮುಂದಿನ ಹಂಗಾಮಿಗೆ ಕಟ್ಟಿಗೆ ಒಯ್ಯಲು ಕಾರ್ಖಾನೆಯ ಲಾರಿ ಬಂತು. ಹೊಲದ ಗೌಡರು ಪತ್ರಿಕೆಯ ತುಣುಕು ತೋರಿಸಿ, ಕಸಕ್ಕೆ ಹಕ್ಕೇನು ಎಂದು ಹೆಂಗಸರನ್ನು ಬರಿಗೈಯಲ್ಲಿ ಕಳಿಸಿದರು.

ನಾನು ಮತ್ತೆ ಹೋದಾಗ ಕಲ್ಲಮ್ಮ ನಗುತ್ತಲೇ ಎದುರಾದಳು. “ನಿಮ್ಮ ಪೇಪರ್ ಭಾಳ ಚಲೋ ಅದರಿ! ಒಲಿಯಾಗ ಹಾಕಿದ್ರ ಭಗ್ ಅಂತದ. ರೊಟ್ಟಿ ಮಾತ್ರ ಬೇಯಂಗಿಲ್ಲ.” ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಿದಳು: “ನಾ ಹೇಳಿದ್ದು ಎಲ್ಲಿ ಹೋಯ್ತರಿ?”

“ಕಲಬುರಗಿ ಆಫೀಸಿನಾಗ ತೆಗೆದ್ರವ್ವ” ಎಂದೆ.

ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಅವಳು ನಂಬಿದಳು, ನನ್ನನ್ನೇ ಸಮಾಧಾನಪಡಿಸಿದಳು. “ಹೋಗ್ಲಿ ಬಿಡ್ರಿ. ನಿಮಗೂ ಮ್ಯಾಲ ಒಬ್ಬ ಗೌಡ ಅದಾನಂದಂಗಾತು!”

ಇಲ್ಲ ಕಲ್ಲಮ್ಮ, ಮೇಲೆ ಯಾರೂ ಇರಲಿಲ್ಲ — ನಾನೊಬ್ಬನೇ ಇದ್ದೆ. ಇದನ್ನು ಮೊನ್ನೆ ನಿನ್ನೆದುರೇ ಹೇಳಿದೆ. ನೀನು ಬೈಯಲಿಲ್ಲ. “ಹಂಗಾದ್ರ ಈಗ ಬರೀರಿ” ಎಂದು ನೀನು ಹೇಳಿದ್ದು, ಅಷ್ಟೇ. ಬರೆದಿದ್ದೇನೆ. ನಿನ್ನ ಮಾತು ಈ ಬರಹದಲ್ಲಿ ಮೇಲೆ ಇಡಿಯಾಗಿ ಇದೆ.

ಈ ಹಂಗಾಮಿನಲ್ಲಿ, ತಮಗೆ ಕಟ್ಟಿಗೆಯ ಹೊರೆ ಬಿಡದಿದ್ದರೆ ಕುಡುಗೋಲು ಹಿಡಿಯುವುದಿಲ್ಲ ಎಂದು ಆ ಊರಿನ ಹೆಂಗಸರು ಬದುವಿನ ಮೇಲೆ ಕುಳಿತರು. ಗೌಡರು ಪಂಚೆ ಎತ್ತಿ ಕಟ್ಟಿ ತಾವೇ ಕೊಯ್ಯಲು ಇಳಿದರು. ಎರಡು ಸಾಲಾಗುವಷ್ಟರಲ್ಲಿ ಸೊಂಟ ಹಿಡಿದು ನಿಂತರು. “ಸಾವಕಾಶ್ರಿ ಗೌಡ್ರ, ಕಸ ಎಲ್ಲಿ ಓಡಿ ಹೋಗ್ತದ!” ಎಂದು ಬದುವಿನಿಂದ ಕೂಗು ಬಂತು.

ನಿನ್ನೆ ಮಧ್ಯಾಹ್ನ ಪ್ರತಿ ಕೊಯ್ಲುಗಾರ್ತಿಗೆ ದಿನಕ್ಕೊಂದು ಹೊರೆ ಬಿಡಲು ಗೌಡರು ಒಪ್ಪಿದರು; ಮಿಕ್ಕದ್ದು ಲಾರಿಗೆ. ಇಂದು ಬೆಳಿಗ್ಗೆ ಕೊಯ್ಲು ಶುರುವಾಗಿದೆ.